ಹೊಳೆಯಪ್ಪನ ಪೀಚ್ ಬಣ್ಣದ ಖೋಲಿ

ನಮ್ಮ ಮಾಳಮಡ್ಡಿಯ ಓಣಿಯಲ್ಲಿ ಹೆಚ್ಚುಕಡಿಮೆ ಎಲ್ಲರ ಮನೆಯಲ್ಲೂ ಹೊಳೆಯಪ್ಪ ಬಣ್ಣ ಹೊಡೆದ ಒಂದು ಕಪಾಟು ಇದೆ. ತಾರಿಹಾಳದ ಸಣ್ಣದೊಂದು ಕಾರ್ಖಾನೆಯಲ್ಲಿ ಕಬ್ಬಿಣದ ಕಪಾಟುಗಳಿಗೆ ಗನ್ನಿನಿಂದ ಬಣ್ಣ ಹೊಡೆಯುವುದು ಅವನ ಕೆಲಸ. ಮೀಸೆ ಮೂಡುವ ವಯಸ್ಸಿಗೆ ಆ ಗನ್ನು ಹಿಡಿದವನು ಮೀಸೆ ನರೆತರೂ ಬಿಟ್ಟಿಲ್ಲ. ಬೆಳಿಗ್ಗೆ ಚಿಗರಿ ಬಸ್ಸು ಹತ್ತುವಾಗ ಇಸ್ತ್ರಿ ಮಾಡಿದ ಅಂಗಿ, ಸಂಜೆ ಇಳಿಯುವಾಗ ಹುಬ್ಬಿನ ಮೇಲೆ ಆ ದಿನದ ಬಣ್ಣ. ಹುಬ್ಬು ಬೂದಿಯ ಬಣ್ಣದ್ದಾಗಿದ್ದರೆ ಯಾವುದೋ ಆಫೀಸಿನ ಕಪಾಟು, ಹಸಿರಾಗಿದ್ದರೆ ಯಾರದೋ ಮಗಳ ಮದುವೆಯ ಕಪಾಟು ಎಂದು ನಾವು ಲೆಕ್ಕ ಹಾಕುತ್ತಿದ್ದೆವು.

ನಾನು ಅವನ ಪಕ್ಕದ ಮನೆಯವಳು. ಸಾಲೆಯಲ್ಲಿ ಮಕ್ಕಳಿಗೆ ಕಲಿಸಿ, ನಿವೃತ್ತಿಯಾಗಿ, ಈಗ ಜಗಲಿಯಲ್ಲಿ ಕೂತು ದೊಡ್ಡವರ ತಪ್ಪು ತಿದ್ದುತ್ತಿರುತ್ತೇನೆ. ಯಾರೂ ಕೇಳಿರುವುದಿಲ್ಲ, ಆದರೂ ತಿದ್ದುತ್ತೇನೆ. ಸಾಲೆಯ ಅಕ್ಕೋರು ಎಂದು ಓಣಿಯವರು ಸಹಿಸಿಕೊಳ್ಳುತ್ತಾರೆ.

ಹೊಳೆಯಪ್ಪನ ಹೆಂಡತಿ ಸತ್ಯವ್ವ ತೀರಿಕೊಂಡಾಗ ಮಗಳು ಭುವನೇಶ್ವರಿ ನನ್ನ ಕೈಕೆಳಗೆ ಮೂರನೆಯ ಇಯತ್ತೆಯಲ್ಲಿದ್ದಳು. ಮತ್ತೊಂದು ಮದುವೆ ಮಾಡಿಕೋ ಎಂದು ಹೇಳಿದವರಲ್ಲಿ ನಾನೂ ಒಬ್ಬಳು. ಅವನು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ, ಮಗಳಿಗೆ ಜಡೆ ಹಾಕುವುದನ್ನು ಕಲಿತ. ಮೊದಮೊದಲು ಅವನು ಹಾಕಿದ ಜಡೆ ಎತ್ತಿನ ಹಗ್ಗದ ಹಾಗಿರುತ್ತಿತ್ತು. ನಾನು ಸಾಲೆಯಲ್ಲಿ ಬಿಚ್ಚಿ ಮತ್ತೆ ಹಾಕುತ್ತಿದ್ದೆ. ವರ್ಷ ಕಳೆಯುವಷ್ಟರಲ್ಲಿ ಬಿಚ್ಚುವ ಅಗತ್ಯ ಬೀಳಲಿಲ್ಲ.

ಅವರ ಒಳಗಿನ ಖೋಲಿಯಲ್ಲಿ ಅವನೇ ಬಣ್ಣ ಹೊಡೆದ ಒಂದು ಕಪಾಟಿತ್ತು. ಅದರ ಕೆಳಗಿನ ಅರೆಯಲ್ಲಿ ಸತ್ಯವ್ವನ ಒಂದು ಮೆತ್ತನೆಯ ಹತ್ತಿ ಸೀರೆ. ಭುವನಾ ಹುಟ್ಟಿದಾಗ ಬಾಣಂತನದುದ್ದಕ್ಕೂ ಉಟ್ಟ ಸೀರೆ ಅದು. ಲೋಬಾನದ ಹೊಗೆ, ಔಡಲ ಎಣ್ಣೆ, ಹಾಲು, ಎಲ್ಲ ಸೇರಿ ಅದಕ್ಕೊಂದು ವಾಸನೆ ಬಂದುಬಿಟ್ಟಿತ್ತು. ಸಾಲೆಯಲ್ಲಿ ನಾನು ಬೈದ ದಿನ ಹುಡುಗಿ ಮನೆಗೆ ಹೋಗಿ ಕಪಾಟು ತೆಗೆದು ಆ ಸೀರೆಯಲ್ಲಿ ಮುಖ ಇಟ್ಟುಕೊಂಡು ಕೂಡುತ್ತಿದ್ದಳಂತೆ. ಅಪ್ಪನೂ ಪಕ್ಕದಲ್ಲಿ ಕೂತು ಸೀರೆಯ ಇನ್ನೊಂದು ತುದಿ ಮೂಸುತ್ತಿದ್ದನಂತೆ. ಇದನ್ನು ಅವಳೇ ದೊಡ್ಡವಳಾದ ಮೇಲೆ ನನಗೆ ಹೇಳಿದ್ದು.

ಭುವನಾಳನ್ನು ಹುಬ್ಬಳ್ಳಿಯ ವಿದ್ಯಾನಗರಕ್ಕೆ ಕೊಟ್ಟರು. ಗಂಡ ಶಶಿಕಾಂತ ಸಾಧು ಮನುಷ್ಯ, ತಾಯಿಯ ಮಾತು ಮೀರುವವನಲ್ಲ. ಆ ತಾಯಿ ರುಕ್ಮವ್ವ ಮಾತ್ರ ಖಡಕ್ಕು. ಹೋದ ವರ್ಷ ಮುಂಗಾರು ಹಿಡಿಯುವ ಹೊತ್ತಿಗೆ ಚೊಚ್ಚಲ ಬಸುರಿ ಭುವನಾಳ ಕುಬಸದ ಕಾರ್ಯ ವಿದ್ಯಾನಗರದಲ್ಲೇ ನಡೆಯಿತು. ಹಸಿರು ಸೀರೆ, ಹಸಿರು ಬಳೆ ಹೊತ್ತುಕೊಂಡು ತವರಿನ ಕಡೆಯಿಂದ ಹೋದವರು ಹೊಳೆಯಪ್ಪ, ನಾನು, ಮತ್ತೆ ನಮ್ಮ ಓಣಿಯಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ನೀರೆರೆಯುವ ಮಾಬೂಬಿ. ಉಡಿ ತುಂಬಿ ಮುಗಿದ ಮೇಲೆ ರುಕ್ಮವ್ವ ನಾಲ್ಕು ಜನರೆದುರಿಗೆ ಹೇಳಿಬಿಟ್ಟಳು: ಹೆರಿಗೆ, ಬಾಣಂತನ ಎಲ್ಲ ಇಲ್ಲೇ. ದವಾಖಾನೆ ಕೂಗಳತೆಯಲ್ಲಿದೆ, ಮನೆಯಲ್ಲಿ ಬಿಸಿನೀರಿದೆ, ನೋಡಿಕೊಳ್ಳಲು ತಾನಿದ್ದೇನೆ. ಮಾಳಮಡ್ಡಿಯ ಆ ಮನೆಯಲ್ಲಿ ಹೆಣ್ಣು ಎಂಬುದೇ ಇಲ್ಲ, ಅಲ್ಲಿ ಯಾರು ಮಾಡುವವರು?

ಅವಳು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಬಾಗಿಲ ಹತ್ತಿರ ಎಲೆಅಡಿಕೆಯ ತಾಟು ಹಿಡಿದು ನಿಂತಿದ್ದ ಹೊಳೆಯಪ್ಪ ಮದುವೆಯ ಮಾತುಕತೆಯಲ್ಲೂ ತುಟಿ ಬಿಚ್ಚದವನು. ಆ ಹೊತ್ತು ಮಾತಾಡಿದ.

"ಚೊಚ್ಚಲ ಬಾಣಂತನ ತವರಮನ್ಯಾಗ ಆಗಬೇಕ್ರಿ, ಬೀಗರ. ನಾ ಮಾಡತೇನಿ."

ಹೆಂಗಸರು ಗೊಳ್ಳೆಂದು ನಕ್ಕರು. ಗಂಡಸು ಬಾಣಂತನ ಮಾಡುತ್ತಾನಂತೆ, ಸೀರೆ ಉಟ್ಟುಕೊಳ್ಳುತ್ತಾನೇನು ಎಂದು ಒಬ್ಬಳು ಪಿಸುಗುಟ್ಟಿದಳು. ಭುವನಾ ನಗಲಿಲ್ಲ. ಆರತಿಯ ಕುಂಕುಮ ಹಣೆಯ ಮೇಲಿಂದ ಮೂಗಿನ ತನಕ ಇಳಿದಿತ್ತು, ಹಾಗೇ ಅಪ್ಪನನ್ನು ನೋಡುತ್ತಿದ್ದಳು. ರುಕ್ಮವ್ವನಿಗೆ ಏನನ್ನಿಸಿತೋ, ಪೂರಾ ಇಲ್ಲ ಎನ್ನಲಿಲ್ಲ. ಖೋಲಿ ಸಜ್ಜು ಮಾಡಿಸಿರಿ, ನಾನೇ ಸೊಸೆಯನ್ನು ಕರಕೊಂಡು ಬಂದು ನೋಡುತ್ತೇನೆ, ಮನಸ್ಸಿಗೆ ಬಂದರೆ ಬಿಟ್ಟು ಬರುತ್ತೇನೆ, ಇಲ್ಲವಾದರೆ ವಾಪಸ್ಸು ಕರೆತರುತ್ತೇನೆ ಎಂದಳು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಹೊಳೆಯಪ್ಪ ನನಗೆ ಒಂದೇ ಮಾತು ಹೇಳಿದ. ತಾಯಿಯ ಜೊತೆಗೆ ಅವಳ ತವರೂ ಹೋಯಿತು ಎಂದು ಯಾರೂ ಅನ್ನಬಾರದು. ಅಷ್ಟೇ ಅವನಿಗೆ ಬೇಕಾಗಿದ್ದದ್ದು.

ಖೋಲಿಗೆ ಯಾವ ಬಣ್ಣ ಬೇಕು ಎಂದು ಮಗಳನ್ನು ಕೇಳಿದ. ತಿಳಿ ಪೀಚ್ ಎಂದಳು. ಅಲ್ಲಿಂದ ಶುರುವಾಯಿತು ನೋಡಿ. ಹಾಲಿನ ಬಣ್ಣ, ಗಿಳಿಹಸಿರು, ಬೂದಿ ಬಣ್ಣ ಎಲ್ಲ ಅರಿತವನಿಗೆ ಪೀಚ್ ಹೊಸದು. ಕಪಾಟಿಗೆ ಆ ಬಣ್ಣವನ್ನು ಈವರೆಗೆ ಯಾರೂ ಕೇಳಿರಲಿಲ್ಲ. ನನ್ನನ್ನು ಕೇಳಿದ, ಅದೊಂದು ಹಣ್ಣು ಎಂದೆ. ಹಣ್ಣು ನೋಡದೆ ಬಣ್ಣ ಕಲಸುವುದು ಹೇಗೆ ಎಂದು ಸುಪರ್ ಮಾರ್ಕೆಟ್ಟಿನಲ್ಲಿ ಹುಡುಕಿದ, ಹುಬ್ಬಳ್ಳಿಯಲ್ಲಿ ಹುಡುಕಿದ, ಕಡೆಗೆ ವಿದ್ಯಾನಗರದ ಒಂದು ದೊಡ್ಡ ಅಂಗಡಿಯಲ್ಲಿ ಕಾಗದದಲ್ಲಿ ಸುತ್ತಿಟ್ಟ ಒಂದು ಹಣ್ಣು ಸಿಕ್ಕಿತು. ಒಂದು ಮಗ್ಗುಲು ಕೆಂಪು, ಇನ್ನೊಂದು ಮಗ್ಗುಲು ಹಳದಿ, ಮೈತುಂಬ ನವಿರು ಕೂದಲು. ಇದು ಖೋಲಿಯ ಬಣ್ಣವೇ ಅಲ್ಲ, ಹೆಸರಿಟ್ಟವನು ಹಣ್ಣು ನೋಡಿಲ್ಲ ಎಂದು ತೀರ್ಮಾನ ಕೊಟ್ಟು, ಅರ್ಧ ನನಗೂ ಕೊಟ್ಟು ತಿಂದ. ರುಚಿ ಇತ್ತು.

ಆಮೇಲೆ ತನಗೆ ಬರುವ ದಾರಿಯಲ್ಲೇ ಹೋದ. ಕಾರ್ಖಾನೆಯಲ್ಲಿ ಹೊಸ ಬಣ್ಣ ಬಂದರೆ ಅಂಗೈಯಷ್ಟು ತಗಡಿಗೆ ಹೊಡೆದು, ಭಟ್ಟಿಯಲ್ಲಿ ಒಣಗಿಸಿ ಗಿರಾಕಿಗೆ ತೋರಿಸುತ್ತಾರೆ. ಹಾಗೇ ಬಿಳಿಗೆ ಕೇಸರಿ ಬೆರೆಸಿ, ಚೂರು ಹಳದಿ ಹಾಕಿ, ಒಂದಕ್ಕಿಂತ ಒಂದು ತಿಳಿಯಾದ ತಗಡುಗಳನ್ನು ಮಾಡಿಕೊಂಡು ಮಗಳ ಹತ್ತಿರ ಹೋದ. ಅವಳು ಎಲ್ಲದಕ್ಕಿಂತ ತಿಳಿಯಾದದ್ದನ್ನು ಆರಿಸಿ, ತಗಡನ್ನು ವಾಪಸ್ಸು ಕೊಡದೆ ತಲೆದಿಂಬಿನ ಹತ್ತಿರ ಇಟ್ಟುಕೊಂಡಳು. ಆ ಬಣ್ಣ ಹೇಗಿತ್ತೆಂದರೆ, ಒಲೆಯ ಮುಂದೆ ಕೂತ ಎಳೆ ಹುಡುಗಿಯ ಕೆನ್ನೆಯ ಹಾಗಿತ್ತು.

ಖೋಲಿಯ ಗೋಡೆಗೆ ಹತ್ತು ಕಾಲದ ಸುಣ್ಣ. ಅದನ್ನೆಲ್ಲ ಕೆರೆದು, ಪುಟ್ಟಿ ತುಂಬಿ, ಉಜ್ಜಿ ಉಜ್ಜಿ ನುಣುಪು ಮಾಡಿದ. ಕಾರ್ಖಾನೆಯ ಕೊಳವೆ ತಂದು ಪರದೆಗೆ ಕೋಲು ಮಾಡಿದ, ಬಿಳಿ ಪರದೆ ಹೊಲಿಸಿದ. ಕೂಸಿನ ಬಟ್ಟೆ ಇಡಲು ಕೆಳಮಟ್ಟದಲ್ಲಿ ಒಂದು ಅರೆ ಕೂಡಿಸಿದ, ಅದರ ಮೂಲೆಗಳನ್ನು ದುಂಡಗೆ ಮಾಡಿದ. ನಮ್ಮ ಅಟ್ಟದ ಮೇಲಿದ್ದ ಕಲಘಟಗಿಯ ತೊಟ್ಟಿಲನ್ನು ನಾನು ಇಳಿಸಿ ಕೊಟ್ಟೆ. ಅದರ ಕೆಂಪು ಹಸಿರು ಚಿತ್ತಾರ ನೋಡಿ, ಇದಕ್ಕೂ ಪೀಚ್ ಹೊಡೆದುಬಿಡಲೇ ಅಕ್ಕೋರ ಎಂದು ಕೇಳಿದ. ನಮ್ಮಜ್ಜಿಯ ಕಾಲದ ತೊಟ್ಟಿಲು. ಗನ್ನು ಹಿಡಿದು ಇದರ ಹತ್ತಿರ ಬಂದರೆ ಕೈ ಮುರಿಯುತ್ತೇನೆ ಎಂದೆ.

ಗೋಡೆಗೆ ಮಾತ್ರ ಒಂದು ಎಡವಟ್ಟು ಮಾಡಿದ. ಜಗತ್ತೆಲ್ಲ ಗೋಡೆಗೆ ಡಿಸ್ಟೆಂಪರ್ ಬಳಿದರೆ ಇವನು ಆಯಿಲ್ ಪೇಂಟ್ ತಂದಿಟ್ಟ. ಮಗಳನ್ನೇನು ಕಪಾಟಿನೊಳಗೆ ಮಲಗಿಸುತ್ತೀಯಾ ಎಂದು ನಾನು ಚೇಷ್ಟೆ ಮಾಡಿದೆ. ಅವನು ನಗಲಿಲ್ಲ.

"ಬಾಣಂತಿ ಖೋಲಿ, ಅಕ್ಕೋರ. ಹೊಗಿ ಹಾಕ್ತಾರ, ಎಣ್ಣಿ ತಲಿ ಗ್ವಾಡಿಗೆ ಹಚ್ಚಿ ಕುಂದರ್ತಾರ. ಡಿಸ್ಟೆಂಪರ್ ಆದ್ರ ವಾರದಾಗ ಕರ್ರಗಾಗತೈತಿ. ಇದಾದ್ರ ದಿನಾ ಹಸಿ ಅರಿವೀಲೆ ಒರಸಬಹುದು. ಆಕಿ ಬಣ್ಣ ಆಕಿಗೆ ಹಂಗ ಇರಬೇಕಲ್ರಿ."

ಇದಕ್ಕೊಂದು ಎದುರು ಮಾತು ಹುಡುಕುವ ಮುಂಚೆ ವಿಜಯಪುರದಲ್ಲಿ ನಮ್ಮಣ್ಣನಿಗೆ ಹುಷಾರಿಲ್ಲವೆಂದು ಫೋನು ಬಂತು, ನಾನು ಹೊರಟುಹೋದೆ. ಬಣ್ಣ ಹೊಡೆಯುವಾಗ ನಾನು ಇಲ್ಲಿರಲಿಲ್ಲ.

ನಾನು ತಿರುಗಿ ಬಂದದ್ದು ರುಕ್ಮವ್ವ ಬರುವ ಹಿಂದಿನ ದಿನ. ಧಾರವಾಡದ ಜಿಟಿಜಿಟಿ ಮಳೆ ಬಿಟ್ಟಿರಲಿಲ್ಲ. ಆಟೋ ಇಳಿಯುವಾಗಲೇ ಮೂಗಿಗೆ ಹೊಡೆಯಿತು, ಆಯಿಲ್ ಪೇಂಟಿನ ಘಾಟು. ಅವನ ಮನೆಯೊಳಗೆ ಕಾಲಿಟ್ಟರೆ ಕಣ್ಣಲ್ಲಿ ನೀರು. ಖೋಲಿ ಚೆಂದವೋ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಕಿಟಕಿಯಿಂದ ಬರುವ ಮೋಡದ ಬೆಳಕಿಗೂ ಗೋಡೆ ಮೆಲ್ಲಗೆ ಹೊಳೆಯುತ್ತಿತ್ತು. ಆದರೆ ನಿಂತುಕೊಳ್ಳುವ ಹಾಗಿರಲಿಲ್ಲ. ಥಂಡಿಗೆ ಬಣ್ಣ ಒಣಗಿಲ್ಲ, ಬಸುರಿಯನ್ನು ಇದರಲ್ಲಿ ಕೂಡಿಸಬೇಡ, ನಾಳೆ ಬರಬೇಡಿರಿ ಎಂದು ತಿಳಿಸು ಎಂದು ಹೇಳಿದೆ. ಅವನು ಗೋಡೆಗೆ ಕೈ ಒತ್ತಿ ತೋರಿಸಿದ. ಬಣ್ಣ ಕೈಗೆ ಹತ್ತುವುದಿಲ್ಲ, ಒಣಗಿದೆ, ವಾಸನೆ ಹೋಗಿದೆ, ಬೀಗರಿಗೂ ಫೋನಿನಲ್ಲಿ ಹಾಗೇ ಹೇಳಿದ್ದೇನೆ ಎಂದ. ನನಗೆ ಸಿಟ್ಟು ಬಂತು. ಇಷ್ಟು ವರ್ಷ ಮೆತ್ತಗಿದ್ದ ಮನುಷ್ಯ ಈಗೇಕೆ ಹಟ ಹಿಡಿದಿದ್ದಾನೆ ಎಂದುಕೊಂಡು ಎದ್ದು ಬಂದೆ.

ಮರುದಿನ ಆದದ್ದು ಆಯಿತು. ಭುವನಾ ಅಪ್ಪ ಮಾಡಿದ ಖೋಲಿ ನೋಡಲು ಎಲ್ಲರಿಗಿಂತ ಮುಂದೆ ಒಳಗೆ ಹೋದಳು. ಗೋಡೆಗೆ ಕೈ ಸವರಿದಳು, ನಕ್ಕಳು, ಮರುಕ್ಷಣ ಬಾಯಿಗೆ ಸೆರಗು ಒತ್ತಿಕೊಂಡು ಹಿತ್ತಲಿಗೆ ಓಡಿದಳು. ವಾಂತಿ ನಿಲ್ಲಲೊಲ್ಲದು. ಮಾಬೂಬಿ ಬೆನ್ನು ಸವರಿದಳು, ನಾನು ನೀರು ಕೊಟ್ಟೆ. ರುಕ್ಮವ್ವ ಒದರಾಡಲಿಲ್ಲ. ಒದರಾಡಿದ್ದರೆ ಚೆನ್ನಾಗಿತ್ತು.

"ವಾಸನಿ ಇಲ್ಲ ಅಂತ ಬಾಯಿತುಂಬ ಹೇಳಿದ್ರಿ, ಬೀಗರ. ಹಟ ಗೆಲ್ಲಾಕ ಹೊಟ್ಟೀಲೆ ಇದ್ದಾಕಿ ಮುಂದ ಸುಳ್ಳು ಹೇಳಬಾರದಿತ್ತು."

ಸೊಸೆಯನ್ನು ಕರಕೊಂಡು ಹೊರಟೇಬಿಟ್ಟಳು. ಭುವನಾ ಆಟೋದಲ್ಲಿ ಕೂತು ಹಿಂದೆ ತಿರುಗಿ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ನಮ್ಮಪ್ಪ ಯಾಕೆ ಹೀಗೆ ಮಾಡಿದ ಎಂಬ ಪ್ರಶ್ನೆ ಇತ್ತು. ಅದನ್ನು ಅವನೂ ನೋಡಿದ.

ಮಾರನೆಯ ದಿನದಿಂದ ನಮ್ಮ ಓಣಿಯ ವೈದ್ಯವೆಲ್ಲ ಆ ಖೋಲಿಗೆ ಬಂತು. ಮಾಬೂಬಿ ಇದ್ದಿಲು ತಂದು ಬುಟ್ಟಿಗಳಲ್ಲಿಟ್ಟಳು. ಉಳ್ಳಾಗಡ್ಡಿ ಹೆಚ್ಚಿ ನೀರಲ್ಲಿ ಹಾಕಿ ಮೂಲೆಗೊಂದು ಬಕೀಟು ಇಟ್ಟೆವು. ಬೇವಿನ ಸೊಪ್ಪು ಕಟ್ಟಿದೆವು. ಹೊಳೆಯಪ್ಪ ದಿನಾ ಕೆಲಸದಿಂದ ಬಂದವನೇ ನಮ್ಮ ಬಾಗಿಲಿಗೆ ಬಂದು, ಸ್ವಲ್ಪ ಬಂದು ವಾಸನೆ ನೋಡ್ರಿ ಅಕ್ಕೋರ ಎಂದು ಕರೆಯುತ್ತಿದ್ದ. ನಾನು ಇಲ್ಲದಾಗ ಮಾಬೂಬಿಯನ್ನು ಕರೆಯುತ್ತಿದ್ದ, ಅವಳೂ ಸಿಗದಿದ್ದರೆ ಹಾಲಿನವನನ್ನು. ನಿನಗೇನು ಮೂಗಿಲ್ಲವೇನು ಎಂದು ಒಮ್ಮೆ ಗದರಿದೆ. ಗದರಿದ್ದು ಸುಮ್ಮನೆ, ನನ್ನ ಮಾತಿನ ಚಾಳಿ ಅದು.

ಒಂದು ಭಾನುವಾರ ಹೀಗೇ ವಾಸನೆ ನೋಡಲು ಹೋದೆ. ಅವನು ಅಡುಗೆಮನೆಯಲ್ಲಿ ಒಲೆಗೆ ಬೆನ್ನು ಹಾಕಿ ಕೂತು ಕೊಬ್ಬರಿ ಹೆರೆಯುತ್ತಿದ್ದ. ಬಾಣಂತಿಗೆ ಅಂಟಿನುಂಡಿ ಕಟ್ಟುವುದನ್ನು ಕಲಿಯುತ್ತಿದ್ದ, ಮಗಳು ಬರುವುದೇ ಗ್ಯಾರಂಟಿ ಇಲ್ಲದಿದ್ದರೂ. ಬಾಗಿಲಿಗೆ ಬರುವಾಗಲೇ ನನಗೆ ಸೀದ ಹಾಲಿನ ವಾಸನೆ ಬಡಿಯಿತು. ಅವನ ಬೆನ್ನ ಹಿಂದೆ, ಕೈಯಳತೆಯಲ್ಲಿ, ಹಾಲು ಉಕ್ಕಿ ಬತ್ತಿ ತಳ ಹತ್ತಿ ಪಾತ್ರೆ ಕರ್ರಗಾಗಿತ್ತು. ಅವನು ಹಾಯಾಗಿ ಕೊಬ್ಬರಿ ಹೆರೆಯುತ್ತಿದ್ದ.

ನಾನು ಹೋಗಿ ಒಲೆ ಆರಿಸಿದೆ. ಅವನು ತಿರುಗಿ ಪಾತ್ರೆ ನೋಡಿದ, ನನ್ನ ಮುಖ ನೋಡಿದ. ಆಗ ನನಗೆ ಒಂದೊಂದಾಗಿ ನೆನಪಾಯಿತು: ಇವನ ಮನೆಯ ಸೀದ ಸಾರು, ಒಗ್ಗರಣೆಗೆ ಮುಷ್ಟಿ ಇಂಗು ಹಾಕಿ ಮಗಳ ಕೈಲಿ ನಗಿಸಿಕೊಂಡದ್ದು, ಗಂಡಸಿನ ಅಡುಗೆ ಎಂದು ನಾವೆಲ್ಲ ಆಡಿಕೊಂಡದ್ದು.

"ಹೊಳೆಯಪ್ಪ, ನಿನಗ ವಾಸನಿ ಬರೂದಿಲ್ಲೇನು?"

"ಬರೂದಿಲ್ರಿ."

ಯಾವಾಗಿನಿಂದ ಎಂದರೆ ಅವನಿಗೂ ಸರಿಯಾಗಿ ಗೊತ್ತಿಲ್ಲ. ಗನ್ನಿನ ಮುಂದೆ ನಿಂತು ನಿಂತು ಮೊದಲು ಸಣ್ಣ ವಾಸನೆಗಳು ಹೋದವು, ಆಮೇಲೆ ದೊಡ್ಡವು. ಪೂರಾ ಹೋಗಿ ವರ್ಷಗಳೇ ಆಗಿವೆ. ಬಣ್ಣ ಕೈಗೆ ಹತ್ತದಿದ್ದರೆ ಒಣಗಿತು, ಒಣಗಿದರೆ ವಾಸನೆ ಹೋಯಿತು ಎಂಬುದು ಭಟ್ಟಿಯಿಂದ ಬಂದ ಕಪಾಟಿನ ಲೆಕ್ಕ. ಗೋಡೆಗೂ ಅದನ್ನೇ ಹಾಕಿದ್ದ. ಇದನ್ನು ಬಾಯಿಬಿಟ್ಟು ಹೇಳಬಾರದಿತ್ತೇ ಎಂದು ಕೇಳಿದೆ. ಅವನು ಹೆರೆಮಣೆ ಬದಿಗೆ ಸರಿಸಿದ.

"ಹೇಳಿದ್ರ ಕೂಸಿನ ಹಂತೇಕ ನನ್ನ ಬಿಡ್ತಾರೇನ್ರಿ? ಗ್ಯಾಸ್ ಸೋರಿದ್ರ ತಿಳಿಯೂದಿಲ್ಲ, ಹಾಲು ಕೆಟ್ಟದ್ದು ತಿಳಿಯೂದಿಲ್ಲ, ಇಂಥಾವನ ಕೈಯಾಗ ಬಾಣಂತಿ ಕೊಡ್ತೀರೇನು ಅಂತಾರ. ನಾನರ ಕೊಡತಿದ್ನೇನು?"

ನನಗೆ ತಿದ್ದಲು ಏನೂ ಸಿಗಲಿಲ್ಲ. ಸೀದ ಪಾತ್ರೆ ಹಿತ್ತಲಿಗೆ ಒಯ್ದು ತಿಕ್ಕಿದೆ. ತಿಕ್ಕುತ್ತ ಅತ್ತುಬಿಟ್ಟೆ, ಅದನ್ನೇಕೆ ಮುಚ್ಚಿಡಲಿ.

ನಾನು ಪಾತ್ರೆ ತಂದಿಡುವಷ್ಟರಲ್ಲಿ ಅವನು ಇಸ್ತ್ರಿಯ ಅಂಗಿ ಹಾಕಿಕೊಂಡು ನಿಂತಿದ್ದ. ವಿದ್ಯಾನಗರಕ್ಕೆ ಹೋಗಿ ಹೇಳಿ ಬರುತ್ತೇನೆ ಎಂದ. ಹೇಳಿದರೆ ಮಗಳನ್ನು ಕಳಿಸುವುದಿಲ್ಲ ಎಂದು ಈಗ ತಾನೇ ನೀನೇ ಹೇಳಿದೆಯಲ್ಲ ಎಂದೆ. ಕಳಿಸದಿದ್ದರೆ ಕಳಿಸದಿರಲಿ, ಅಪ್ಪ ಸುಳ್ಳು ಹೇಳಿದ ಎಂದು ಭುವನಾ ಅಂದುಕೊಂಡಿರುವುದು ತನಗೆ ತಾಳಲಾಗುತ್ತಿಲ್ಲ ಎಂದ. ನಾನೂ ಚಪ್ಪಲಿ ಮೆಟ್ಟಿದೆ.

ರುಕ್ಮವ್ವ ಚಹಾ ಕೊಟ್ಟಳು. ಹೊಳೆಯಪ್ಪ ಕಪ್ಪು ಕೆಳಗಿಟ್ಟು, ಸುತ್ತುಬಳಸದೆ ಹೇಳಿದ. ತನಗೆ ವಾಸನೆ ಬರುವುದಿಲ್ಲ. ಅವತ್ತು ಸುಳ್ಳು ಹೇಳಲಿಲ್ಲ, ತನಗೆ ತಿಳಿದಿರಲಿಲ್ಲ. ಆದರೆ ತಿಳಿಯುವುದಿಲ್ಲ ಎಂಬುದನ್ನು ಮುಚ್ಚಿಟ್ಟದ್ದು ತಪ್ಪು. ಬಾಣಂತನ ಇಲ್ಲೇ ಆಗಲಿ. ರುಕ್ಮವ್ವ ಹುಬ್ಬು ಗಂಟಿಕ್ಕಿ ಕೇಳಿದಳು. ಆಮೇಲೆ ಎದ್ದು ಅಡುಗೆಮನೆಗೆ ಹೋಗಿ ಮುಷ್ಟಿಯಲ್ಲಿ ಏನೋ ಹಿಡಿದುಕೊಂಡು ಬಂದು, ಕಣ್ಣು ಮುಚ್ಚಿರಿ ಬೀಗರ ಎಂದು ಅವನ ಮೂಗಿನ ಕೆಳಗೆ ಡಬ್ಬಿ ತೆರೆದಳು. ಇಂಗು. ಆಚೆ ಕುರ್ಚಿಯಲ್ಲಿ ಕೂತ ನನಗೇ ಮೂಗು ಅರಳಿತು. ಅವನು ಕಣ್ಣು ಮುಚ್ಚಿ, ಪರೀಕ್ಷೆಗೆ ಕೂತ ಹುಡುಗನ ಹಾಗೆ ಉದ್ದಕ್ಕೆ ಉಸಿರೆಳೆದ. ಮತ್ತೊಮ್ಮೆ ಎಳೆದ. ಏನು ಹಿಡಿದಿದ್ದೀರೋ ಗೊತ್ತಾಗುತ್ತಿಲ್ಲ ಎಂದ.

ರುಕ್ಮವ್ವ ಡಬ್ಬಿಯ ಮುಚ್ಚಳ ಹಾಕಿದಳು. ಭುವನಾ ಖೋಲಿಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಭಾರದ ಹೊಟ್ಟೆ ಹೊತ್ತು ಬಂದು ಅಪ್ಪನ ಕುರ್ಚಿಯ ಹಿಂದೆ ನಿಂತು ಅವನ ಹೆಗಲ ಮೇಲೆ ಕೈ ಇಟ್ಟಳು.

"ನನಗ ಮೂಗು ಐತಲ್ರೀ, ಅತ್ತಿ. ನಾ ಅಪ್ಪನ ಮನಿಗೇ ಹೊಕ್ಕೇನಿ."

ರುಕ್ಮವ್ವ ಸೊಸೆಯ ಮುಖ ನೋಡಿದಳು. ಖಡಕ್ಕು ಹೆಂಗಸು, ಆದರೆ ತಾನೂ ಒಂದು ಕಾಲಕ್ಕೆ ತವರಿಗೆ ಹೋದವಳೇ ತಾನೆ. ಗೋಡೆಯ ವಾಸನೆ ಹೋಗಬೇಕು, ಹೋಗಿದೆಯೋ ಇಲ್ಲವೋ ತಾನೇ ಬಂದು ನೋಡಬೇಕು, ಬೆಳಿಗ್ಗೆ ಸಂಜೆ ಈ ಅಕ್ಕೋರು ಮತ್ತೆ ಮಾಬೂಬಿ ಒಲೆಯ ಹತ್ತಿರ ಹಾಯ್ದು ಹೋಗಬೇಕು ಎಂದು ಕಟ್ಟಪ್ಪಣೆ ಮಾಡಿದಳು. ಆಮೇಲೆ ಹೊಳೆಯಪ್ಪನ ಆರಿದ ಚಹಾ ಒಯ್ದು ಬಿಸಿ ಚಹಾ ತಂದಿಟ್ಟಳು. ಸುಳ್ಳು ಎಂದಿದ್ದಕ್ಕೆ ಅದೇ ಅವಳ ತಪ್ಪೊಪ್ಪಿಗೆ ಎಂದು ನಾನು ತಿಳಿದೆ.

ಮಳೆ ಹೊಳವಾಗಿ ಬಿಸಿಲು ಬಿದ್ದ ಕೂಡಲೇ ಹೊಳೆಯಪ್ಪ ಮಾಡಿನ ಮೇಲೆ ಹತ್ತಿ ಆ ಖೋಲಿಯ ಹಂಚು ಒಂದಿಷ್ಟು ತೆಗೆದ. ಹಗಲೆಲ್ಲ ಗಾಳಿ ಬಿಸಿಲು ಆಡಲಿ, ಮೋಡ ಕವಿದರೆ ಹತ್ತಿ ಮತ್ತೆ ಹೊದಿಸುವುದು. ಮಂಗ್ಯಾನ ಹಾಗೆ ಏರುತ್ತಾನೆ ಇಳಿಯುತ್ತಾನೆ, ಕಾಲು ಮುರಿದುಕೊಂಡರೆ ಇವನ ಬಾಣಂತನವನ್ನು ಯಾರು ಮಾಡಬೇಕು ಎಂದು ಕೆಳಗೆ ನಿಂತು ನಾನು ಬೈಯುತ್ತಿದ್ದೆ. ರುಕ್ಮವ್ವ ಬಂದು ಮೂಸಿ, ವಾಸನೆ ಹೋಗಿಲ್ಲ ಎಂದು ಹೋದಳು. ಮತ್ತೊಮ್ಮೆ ಬಂದು ಮೂಸಿ, ಇನ್ನೂ ಇದೆ ಎಂದು ಹೋದಳು. ಮೂರನೆಯ ಸಲ ಬಂದಾಗ ಗೋಡೆಗೆ ಮೂಗು ಹಚ್ಚಿ ಮೂಸಿ, ಸೊಸೆಯ ಬಟ್ಟೆಯ ಚೀಲವನ್ನು ಆಟೋದಿಂದ ಇಳಿಸಲು ಹೇಳಿದಳು. ಆವತ್ತು ಹಂಚು ತಿರುಗಿ ಹೊದಿಸುವಾಗ ಹೊಳೆಯಪ್ಪ ಒಂದರ ಜಾಗದಲ್ಲಿ ಗಾಜಿನ ಹಂಚು ಇಟ್ಟ. ಅದರಿಂದ ಇಳಿದ ಬಿಸಿಲು ಗೋಡೆಯ ಮೇಲೆ ಬಿದ್ದು ಇಡೀ ಖೋಲಿಗೆ ಆ ಬಣ್ಣ ತುಂಬಿಕೊಂಡಿತು. ಭುವನಾ ತಲೆದಿಂಬಿನ ಹತ್ತಿರ ಇಟ್ಟುಕೊಂಡಿದ್ದ ತಗಡನ್ನು ತಂದಿದ್ದಳು. ಗೋಡೆಗೆ ಹಿಡಿದು ನೋಡಿದಳು. ಒಂದೇ ಬಣ್ಣ.

ನವರಾತ್ರಿಯ ಹೊತ್ತಿಗೆ ಧಾರವಾಡದ ದವಾಖಾನೆಯಲ್ಲೇ ಹೆರಿಗೆಯಾಯಿತು. ಹೆಣ್ಣು ಕೂಸು. ತಾಯಿ ಮಗು ಪೀಚ್ ಬಣ್ಣದ ಖೋಲಿಗೆ ಬಂದರು. ಹೊಳೆಯಪ್ಪ ಕಪಾಟಿನ ಕೆಳಗಿನ ಅರೆಯಿಂದ ಸತ್ಯವ್ವನ ಹಳೆ ಸೀರೆ ತೆಗೆದು, ಒಗೆದು ಒಣಗಿಸಿ, ಕೂಸಿಗೆ ಸುತ್ತಲು ಕೊಟ್ಟ. ಕಾರ್ಖಾನೆಗೆ ರಜೆ ಹಾಕಿದ್ದ. ಬಿಸಿನೀರು ಕಾಯಿಸುವವನು ಅವನು, ಅಂಟಿನುಂಡಿ ಕಟ್ಟುವವನು ಅವನು, ಶೇಗಡಿಗೆ ಕೆಂಡ ತುಂಬುವವನು ಅವನು. ಎರೆಯುವುದು ಮಾಬೂಬಿಯ ಕೆಲಸ. ಲೋಬಾನ, ಅಜವಾನ, ಬೆಳ್ಳುಳ್ಳಿ ಸಿಪ್ಪೆ ಹಾಕಿ ಅವಳು ಎಬ್ಬಿಸುವ ಹೊಗೆಗೆ ಖೋಲಿಯಲ್ಲಿ ಮನುಷ್ಯರು ಕಾಣುತ್ತಿರಲಿಲ್ಲ. ಹೊಗೆ ಇಳಿದ ಮೇಲೆ ಹೊಳೆಯಪ್ಪ ಹಸಿ ಅರಿವೆ ಹಿಡಿದು ಗೋಡೆ ಒರೆಸುತ್ತಿದ್ದ. ಮಸಿಯೆಲ್ಲ ಅರಿವೆಗೆ ಬಂದು, ಗೋಡೆ ಮೊದಲಿನ ಹಾಗೇ ತಿಳಿಯಾಗುತ್ತಿತ್ತು. ಆಯಿಲ್ ಪೇಂಟಿನ ವಿಷಯದಲ್ಲಿ ಅವನು ಹೇಳಿದ್ದೇ ಖರೆಯಾಯಿತು ಎಂದು ನಾನು ಒಪ್ಪಿಕೊಂಡೆ, ಆದರೆ ಅವನೆದುರಿಗೆ ಒಪ್ಪಲಿಲ್ಲ. ರುಕ್ಮವ್ವ ಮೊಮ್ಮಗಳನ್ನು ನೋಡಲು ಬಂದವಳು ಬೆರಳಿನಿಂದ ಗೋಡೆ ತಿಕ್ಕಿ, ಬೆರಳು ನೋಡಿಕೊಂಡು ತಲೆದೂಗಿದಳು.

ಒಂದು ಬೆಳಿಗ್ಗೆ ಎರೆದು, ಹೊಗೆ ಕೊಟ್ಟು, ಸತ್ಯವ್ವನ ಸೀರೆಯ ತುಂಡಿನಲ್ಲಿ ಬಿಗಿಯಾಗಿ ಸುತ್ತಿ ಮಾಬೂಬಿ ಕೂಸನ್ನು ನನ್ನ ತೊಡೆಯ ಮೇಲೆ ಹಾಕಿದಳು. ಎರೆದ ಕೂಸಿನ ನೆತ್ತಿ ಮೂಸದೆ ಯಾರು ಬಿಡುತ್ತಾರೆ? ನಾನು ಮೂಸಿದೆ, ಅವತ್ತು ಬಂದಿದ್ದ ರುಕ್ಮವ್ವ ಮೂಸಿದಳು, ಆಹಾ ಎಂದಳು. ಮಾಬೂಬಿ ತಾನು ದಿನಾ ಎರೆದರೂ ಮತ್ತೊಮ್ಮೆ ಮೂಸಿದಳು. ಹೊಳೆಯಪ್ಪ ಅರಿವೆ ಹಿಡಿದು ಗೋಡೆಯ ಹತ್ತಿರ ನಿಂತು ನಮ್ಮನ್ನು ನೋಡುತ್ತಿದ್ದ. ನಾವು ಹೆಂಗಸರು ಎಷ್ಟು ದಡ್ಡರೆಂದರೆ, ಅವನು ಅಲ್ಲಿದ್ದಾನೆ ಎಂಬುದನ್ನೇ ಮರೆತಿದ್ದೆವು.

ಭುವನಾ ಮರೆತಿರಲಿಲ್ಲ. ನನ್ನ ತೊಡೆಯಿಂದ ಕೂಸನ್ನು ಎತ್ತಿ ಅಪ್ಪನ ಕೈಗೆ ಕೊಟ್ಟಳು. ಅವನು ಅರಿವೆ ಬಿಟ್ಟು ಕೈ ಒರೆಸಿಕೊಂಡು, ಮಂಚದ ಅಂಚಿಗೆ ಕೂತು ಕೂಸನ್ನು ತಗೊಂಡ. ನೆತ್ತಿಯ ಮೇಲೆ ಮೂಗಿಟ್ಟು ಕಣ್ಣು ಮುಚ್ಚಿ ಉಸಿರೆಳೆದ. ಇಂಗಿನ ಡಬ್ಬಿಯ ಮುಂದೆ ಎಳೆದ ಹಾಗೆ, ಎರಡೆರಡು ಸಲ. ಆಮೇಲೆ ತಲೆಯೆತ್ತಿ, ನಮಗೆ ಕೇಳಿಸಬಾರದು ಎನ್ನುವಷ್ಟು ಸಣ್ಣ ದನಿಯಲ್ಲಿ ಮಗಳನ್ನು ಕೇಳಿದ.

"ಹೆಂಗ ಬರತೈತವ್ವಾ?"

ಭುವನಾ ಬಗ್ಗಿ ತಾನೂ ಒಮ್ಮೆ ಮೂಸಿದಳು. ಆಮೇಲೆ ಮೂಲೆಯಲ್ಲಿದ್ದ ಕಪಾಟಿನ ಕಡೆ ನೋಡಿದಳು.

"ನಾ ಸಣ್ಣಾಕಿ ಇದ್ದಾಗ ಕಪಾಟ ತೆಗದು ಅವ್ವನ ಸೀರಿ ಮೂಸ್ತಿದ್ವಲ್ಲಪಾ, ನಾವಿಬ್ಬರೂ. ಅದ ವಾಸನಿ."

ಹೊಳೆಯಪ್ಪ ಕೂಸಿನ ನೆತ್ತಿಗೆ ಮತ್ತೆ ಮೂಗಿಟ್ಟ. ಈ ಸಲ ಉಸಿರೆಳೆಯುವ ಅವಸರವಿರಲಿಲ್ಲ. ಗಾಜಿನ ಹಂಚಿನ ಬಿಸಿಲು ಅವನ ನರೆತ ಹುಬ್ಬಿನ ಮೇಲೆ ಬಿದ್ದಿತ್ತು, ಅದರಲ್ಲಿ ಯಾವ ಬಣ್ಣವೂ ಇರಲಿಲ್ಲ. ಕಣ್ಣು ಮುಚ್ಚಿಕೊಂಡೇ ಹೇಳಿದ.

"ಗೊತ್ತಾತು ಬಿಡವ್ವಾ."